ಪೇಟಿಯ ನಾಡಿನಲ್ಲಿ ಮೆಟ್ನರ್ ಪಿಯಾನೊ

1949ರಲ್ಲಿ ಅರವತ್ತೊಂಬತ್ತು ವರ್ಷದ ರಷ್ಯನ್ ಸಂಗೀತಗಾರರೊಬ್ಬರು ಲಂಡನ್ನಿನಲ್ಲಿ ಧ್ವನಿಮುದ್ರಣಕ್ಕೆಂದು ಪಿಯಾನೊ ಮುಂದೆ ಕುಳಿತರು. ಹೆಸರು ನಿಕೊಲಾಯ್ ಮೆಟ್ನರ್. ಅವರ ಜೊತೆಗೆ ಇಯೋಲಿಯನ್ ಕ್ವಾರ್ಟೆಟ್ ಎಂಬ ತಂಡದ ನಾಲ್ವರಿದ್ದರು: ಇಬ್ಬರು ಪಿಟೀಲಿನವರು, ಒಬ್ಬರು ವಿಯೋಲದವರು, ಒಬ್ಬರು ಚೆಲ್ಲೊದವರು. ಅವರು ನುಡಿಸಿದ ಕೃತಿಯನ್ನು ಮೆಟ್ನರ್ ಬರೆಯಲು ಕೈಹಚ್ಚಿದ್ದು 1904ರ ಆಸುಪಾಸಿನಲ್ಲಿ, ಮಾಸ್ಕೋದಲ್ಲಿ. ಮುಗಿಸುವ ಹೊತ್ತಿಗೆ ನಲವತ್ತಕ್ಕೂ ಹೆಚ್ಚು ವರ್ಷ ಕಳೆದಿದ್ದವು. ನಡುವೆ ಎರಡು ಮಹಾಯುದ್ಧ ಆಗಿಹೋದವು, ರಷ್ಯಾದಲ್ಲಿ ಕ್ರಾಂತಿಯಾಯಿತು, ಅವರು ಊರು ಬಿಟ್ಟು ಬರ್ಲಿನ್, ಪ್ಯಾರಿಸ್ ದಾಟಿ ಲಂಡನ್ನಿಗೆ ಬಂದು ಪಾಠ ಹೇಳಿಕೊಂಡು ಬದುಕಿದರು. ಇಂಥವರನ್ನು ಎಚ್.ಎಂ.ವಿ. ಕಂಪನಿ ಕರೆದು ಮೈಕಿನ ಮುಂದೆ ಕೂರಿಸಿದ್ದರ ಹಿಂದೆ ಒಬ್ಬ ಕನ್ನಡಿಗರ ಹಣ ಮತ್ತು ಹಟ ಎರಡೂ ಇದ್ದವು. ಅವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ನಾವು ಆಗ ಮೈಸೂರಿನವರಲ್ಲ. ನಮ್ಮದು ನಿಜಾಮರ ಹೈದರಾಬಾದು ಸಂಸ್ಥಾನದ ರಾಯಚೂರು ಜಿಲ್ಲೆ. ಅದರಲ್ಲೂ ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್‌ಜಂಗ್ ಮನೆತನದ ಜಾಗೀರು. ಮೈಸೂರಿನ ಹಣದಲ್ಲಿ ಮೆಟ್ನರ್ ಅವರ ಮೊದಲ ಮುದ್ರಣಗಳು ಆಗುತ್ತಿದ್ದ 1947-48ರಲ್ಲಿ ನಮ್ಮ ಹಿರಿಯರು ನಿಜಾಮರ ಪರ ನಿಂತ ರಜಾಕಾರರ ಕಾಟ ತಾಳಲಾರದೆ ಗಡಿ ದಾಟಿ ಮುಂಡರಗಿಯ ಶಿಬಿರ ಸೇರಿದ್ದರು. ಆ ಶಿಬಿರ ನಡೆಸಿದ ಅಳವಂಡಿ ಶಿವಮೂರ್ತಿ ಸ್ವಾಮಿಗಳ ಹೆಸರು ಇವತ್ತಿಗೂ ಆ ನೆನಪಿನ ಜೊತೆಗೇ ಬರುತ್ತದೆ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆಯಿಂದ ಬಿಡುಗಡೆ ಸಿಕ್ಕಿತು. ಅಂಥ ದಿನಗಳಲ್ಲಿ ಲಂಡನ್ನಿನ ಪಿಯಾನೊ ನಮ್ಮ ಕಿವಿಗೆ ಬೀಳುವ ಮಾತೇ ಇರಲಿಲ್ಲ.

ಆದರೂ ಒಂದು ಸಂಗತಿ ನನ್ನನ್ನು ಬಿಡದೆ ಕಾಡುತ್ತದೆ. ಕೊಪ್ಪಳ ಜಾಗೀರಿನ ಕಂದಾಯ ಉಂಡ ಮೂರನೆಯ ಸಾಲಾರ್‌ಜಂಗ್, ಮೀರ್ ಯೂಸುಫ್ ಅಲಿ ಖಾನ್, ಅವರೂ ಯುರೋಪಿನ ಕಲೆಗೆ ಮನಸೋತವರೇ. ಗಡಿಯಾರ, ಅಮೃತಶಿಲೆಯ ಪ್ರತಿಮೆ, ಪಿಂಗಾಣಿ, ಚಿತ್ರಪಟ, ಕಣ್ಣಿಗೆ ಬಿದ್ದದ್ದನ್ನೆಲ್ಲ ತಂದು ತುಂಬಿದರು. ಅವರು ತೀರಿಕೊಂಡದ್ದು 1949ರ ಮಾರ್ಚ್ ತಿಂಗಳಲ್ಲಿ. ಅವರ ಸಂಗ್ರಹ ಹೈದರಾಬಾದಿನಲ್ಲಿ ಮ್ಯೂಸಿಯಂ ಆಗಿ ತೆರೆದದ್ದು 1951ರ ಡಿಸೆಂಬರ್ 16ರಂದು. ಮೆಟ್ನರ್ ಲಂಡನ್ನಿನಲ್ಲಿ ಕಣ್ಣುಮುಚ್ಚಿದ್ದು ಅದಕ್ಕೆ ತಿಂಗಳ ಮೊದಲು, ನವೆಂಬರ್ 13ರಂದು. ಒಬ್ಬ ಶ್ರೀಮಂತ ಯುರೋಪಿನಲ್ಲಿ ಆಗಲೇ ತಯಾರಾಗಿದ್ದ ವಸ್ತುಗಳನ್ನು ಕೊಂಡರು. ಇನ್ನೊಬ್ಬ ಶ್ರೀಮಂತ, ತಾವು ಹಣ ಕೊಡದಿದ್ದರೆ ಉಳಿಯುತ್ತಲೇ ಇರದಿದ್ದ ನಾದವನ್ನು ಉಳಿಸಿದರು. ಮ್ಯೂಸಿಯಂ ನೋಡಿ ನಾನೂ ಬೆರಗಾದವನೇ. ಆದರೆ ಎರಡನೆಯದರ ತೂಕವೇ ನನಗೆ ಹೆಚ್ಚು.

ಒಡೆಯರು ಈ ಕೆಲಸಕ್ಕೆ ಬಂದ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹುಟ್ಟಿದ್ದು 1919ರ ಜುಲೈ 18. ಮೈಸೂರು ಅರಮನೆಯಲ್ಲಿ ಪಾಶ್ಚಾತ್ಯ ಸಂಗೀತ ಹೊಸದೇನಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ಸ್ವತಃ ಪಿಟೀಲು ನುಡಿಸುತ್ತಿದ್ದರು, ವೀಣೆ ಶೇಷಣ್ಣನವರು ಪಿಯಾನೊ ಮೇಲೂ ಕೈ ಆಡಿಸಿದವರು, ಅರಮನೆಗೆ ತನ್ನದೇ ವಾದ್ಯವೃಂದವಿತ್ತು. ಆ ಮನೆಯಲ್ಲಿ ಬೆಳೆದ ಹುಡುಗನಿಗೆ ಪಿಯಾನೊ ವಾದಕನಾಗುವ ಆಸೆ ಇತ್ತು. 1940ರಲ್ಲಿ ಮೊದಲು ತಂದೆ, ಕೆಲವೇ ತಿಂಗಳಲ್ಲಿ ದೊಡ್ಡಪ್ಪ ನಾಲ್ವಡಿಯವರು ತೀರಿಕೊಂಡರು. ಇಪ್ಪತ್ತೊಂದರ ಪ್ರಾಯದಲ್ಲಿ ಸಿಂಹಾಸನ ಹೆಗಲಿಗೆ ಬಂತು, ಕಛೇರಿ ವಾದಕನಾಗುವ ದಾರಿ ಅಲ್ಲಿಗೇ ಮುಗಿಯಿತು. ಅವರ ತಂಗಿ ವಿಜಯಾ ದೇವಿ ನ್ಯೂಯಾರ್ಕಿಗೆ ಹೋಗಿ ಎಡ್ವರ್ಡ್ ಸ್ಟಾಯರ್‌ಮನ್ ಹತ್ತಿರ ಪಿಯಾನೊ ಕಲಿತು ಬಂದರು. ಅಣ್ಣ ಊರಲ್ಲೇ ಉಳಿದು ಕೇಳುಗರಾದರು. ಎಂಥ ಕೇಳುಗರು ಅಂದರೆ, ಎಚ್.ಎಂ.ವಿ. ಬಳಗದ ನಿರ್ಮಾಪಕ ವಾಲ್ಟರ್ ಲೆಗ್ ಮೈಸೂರಿಗೆ ಬಂದಾಗ ಅರಮನೆಯ ಗ್ರಾಮಫೋನ್ ತಟ್ಟೆಗಳ ಸಂಗ್ರಹ ಕಂಡು ದಂಗಾಗಿ ಹೋದರು.

ಅಂಗಡಿಯಲ್ಲಿ ಸಿಗುವ ತಟ್ಟೆಗಳನ್ನೆಲ್ಲ ಕೊಂಡು ಕೇಳಿದವರಿಗೆ, ಅಂಗಡಿಯಲ್ಲಿ ಸಿಗದ್ದು ಯಾವುದು ಅನ್ನುವುದೂ ತಿಳಿಯುತ್ತದೆ. ಮೆಟ್ನರ್ ಸಿಗುತ್ತಿರಲಿಲ್ಲ. ಮಾಸ್ಕೋ ಕನ್ಸರ್ವೇಟರಿಯಲ್ಲಿ ಚಿನ್ನದ ಪದಕ ಪಡೆದವರು, ರಷ್ಯನ್ ಸಂಗೀತಗಾರ ರಖ್ಮಾನಿನಫ್‌ರ ಆಪ್ತ ಗೆಳೆಯ. ರಖ್ಮಾನಿನಫ್ ತಮ್ಮ ನಾಲ್ಕನೆಯ ಪಿಯಾನೊ ಕಾನ್ಸರ್ಟೊವನ್ನು ಅರ್ಪಿಸಿದ್ದು ಇವರಿಗೆ, ಇವರು ತಮ್ಮ ಎರಡನೆಯದನ್ನು ಅರ್ಪಿಸಿದ್ದು ಅವರಿಗೆ. ಗೆಳೆಯ ಅಮೆರಿಕದಲ್ಲಿ ಹೆಸರು, ಹಣ ಎರಡನ್ನೂ ಕಂಡರು. ಮೆಟ್ನರ್‌ಗೆ ಎರಡೂ ಒಲಿಯಲಿಲ್ಲ. ಸ್ವಭಾವವೇ ಹಾಗೆ: ಹೊಸ ಕಾಲದ ಸಂಗೀತ ಬೇರು ಕಡಿದುಕೊಂಡಿದೆ ಎಂದು ವಾದಿಸಿ 1935ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಕೇಳುಗರು ಹಿಂದಿನ ಶತಮಾನದವನೆಂದು ಬದಿಗಿಟ್ಟರು. ಯುದ್ಧ ಬಂದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಅಷ್ಟಿಷ್ಟು ಗೌರವಧನವೂ ನಿಂತಿತು. 1942ರಲ್ಲಿ ಹೃದಯಾಘಾತವಾಯಿತು.

ಅಂಥ ಹೊತ್ತಿನಲ್ಲಿ ಮೈಸೂರಿನಿಂದ ಕರೆ ಹೋಯಿತು. ತಮ್ಮ ಕೃತಿಗಳನ್ನು ತಾವೇ ನುಡಿಸಿ ಮುದ್ರಿಸಿ, ಖರ್ಚು ನಮ್ಮದು. ಈ ಮುದ್ರಣಗಳಿಗೆಂದೇ ಮೆಟ್ನರ್ ಸೊಸೈಟಿ ಹುಟ್ಟಿದ್ದು ಹೀಗೆ. ಮೂರು ಪಿಯಾನೊ ಕಾನ್ಸರ್ಟೊಗಳು, ಒಂದಷ್ಟು ಒಂಟಿ ಪಿಯಾನೊ ಕೃತಿಗಳು, ಎಲಿಜಬೆತ್ ಶ್ವಾರ್ಟ್ಸ್‌ಕಾಫ್‌ರಂಥ ಗಾಯಕಿಯರ ಕಂಠದಲ್ಲಿ ಹಾಡುಗಳು, ಸಿಸಿಲಿಯಾ ಹ್ಯಾನ್ಸನ್ ಪಿಟೀಲು ನುಡಿಸಿದ ಮೊದಲನೆಯ ವಯಲಿನ್ ಸೊನಾಟ, ಎಲ್ಲಕ್ಕೂ ಪಿಯಾನೊ ಮೆಟ್ನರ್ ಅವರದೇ. ಕೊನೆಯ ಕಾನ್ಸರ್ಟೊವನ್ನು ಅವರು ಅರ್ಪಿಸಿದ್ದು ಮೈಸೂರು ಮಹಾರಾಜರಿಗೆ. ಒಡೆಯರ ನೆರವು ಮೆಟ್ನರ್ ಒಬ್ಬರಿಗೇ ಸೀಮಿತವಾಗಿರಲಿಲ್ಲ: ಲೆಗ್ ಹೇಳಿದಂತೆ, ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ಕಟ್ಟಿ ನಿಲ್ಲಿಸಲು ಒಡೆಯರು ಒಪ್ಪಿದ ಮೊತ್ತ ವರ್ಷಕ್ಕೆ 10,000 ಪೌಂಡ್, ಮೂರು ವರ್ಷ. ಆಗಿನ ದರದಲ್ಲಿ ವರ್ಷಕ್ಕೆ 1,33,000 ರೂಪಾಯಿಯ ಆಸುಪಾಸು. 1950ರ ಮೇ 22ರಂದು ರಿಚರ್ಡ್ ಸ್ಟ್ರಾಸ್‌ರ ಕೊನೆಯ ನಾಲ್ಕು ಹಾಡುಗಳು ಲಂಡನ್ನಿನಲ್ಲಿ ಮೊದಲ ಬಾರಿ ಕಛೇರಿ ಕಂಡದ್ದು ಕೂಡ ಇವರು ಹೊಣೆ ಹೊತ್ತದ್ದರಿಂದ.

ಮೆಟ್ನರ್ ಮುದ್ರಣಗಳು ನಡೆಯುತ್ತಿದ್ದ 1947ರಲ್ಲೇ ಮೈಸೂರಿನಲ್ಲಿ ‘ಮೈಸೂರು ಚಲೋ’ ನಡೆದಿತ್ತು, ಜವಾಬ್ದಾರಿ ಸರ್ಕಾರ ಬೇಕೆಂದು ಜನ ಬೀದಿಗಿಳಿದಿದ್ದರು ಎನ್ನುವುದನ್ನು ಮರೆಸಿ ನಾನು ಈ ಕತೆ ಹೇಳಲಾರೆ. ರಾಜರ ಖರ್ಚಿನ ಬಗ್ಗೆ ಕೇಳುವ ಹಕ್ಕು ಪ್ರಜೆಗಳಿಗೆ ಇದ್ದೇ ಇತ್ತು. ಆದರೆ ಆ ಹಣದಲ್ಲಿ ಆದ ಕೆಲಸ ಏನೆಂದು ಕೇಳಿ ನೋಡಿದರೆ ನನಗೆ ಹೆಮ್ಮೆಯೇ ಆಗುತ್ತದೆ.

ಈಗ ಸಂಗೀತಕ್ಕೆ ಬರೋಣ. ಮೆಟ್ನರ್ 1949ರಲ್ಲಿ ಆ ನಾಲ್ವರ ಜೊತೆ ನುಡಿಸಿದ್ದು ಸಿ ಮೇಜರ್ ಪಿಯಾನೊ ಕ್ವಿಂಟೆಟ್. ಐವರು ಕೂಡಿ ನುಡಿಸುವ ಕೃತಿ: ನಾಲ್ಕು ತಂತಿವಾದ್ಯ, ಒಂದು ಪಿಯಾನೊ. ಈ ಕೂಟಕ್ಕೆ ಹೆಸರು ತಂದುಕೊಟ್ಟವರು ಜರ್ಮನಿಯ ರಾಬರ್ಟ್ ಶೂಮನ್, 1842ರಲ್ಲಿ. ಆಮೇಲೆ ಬ್ರಾಮ್ಸ್, ಸೆಸಾರ್ ಫ್ರಾಂಕ್, ಡ್ವೊರ್ಜಾಕ್ ಒಬ್ಬೊಬ್ಬರೂ ಒಂದೊಂದು ದೊಡ್ಡ ಕೃತಿ ಕೊಟ್ಟರು. ಇದನ್ನು ಚೇಂಬರ್ ಸಂಗೀತ ಅನ್ನುತ್ತಾರೆ. ನಮ್ಮ ಕಡೆ ಮನೆಯ ಪಡಸಾಲೆಯಲ್ಲಿ ಜಮಖಾನ ಹಾಸಿ ನಡೆಸುವ ಬೈಠಕ್ ಇದ್ದಂತೆ. ಮುಂದೆ ನಿಂತು ಕೋಲು ಆಡಿಸುವ ನಿರ್ದೇಶಕ ಇಲ್ಲ. ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳಬೇಕು, ಕಣ್ಣು ಕಣ್ಣು ಕೂಡಬೇಕು.

ಅದೇ 1842ರಲ್ಲಿ ಪ್ಯಾರಿಸ್ಸಿನಲ್ಲಿ ಅಲೆಕ್ಸಾಂಡರ್ ಡೆಬೇನ್ ಎಂಬಾತ ಹಾರ್ಮೋನಿಯಂಗೆ ಪೇಟೆಂಟ್ ಪಡೆದ. ಅದು ಕಲ್ಕತ್ತೆಗೆ ಬಂದು, ಕಾಲಿನ ತಿದಿ ಬಿಟ್ಟು ಕೈತಿದಿ ಪಡೆದು, ನಮ್ಮ ಊರುಗಳಲ್ಲಿ ‘ಪೇಟಿ’ ಆಯಿತು. ಆಕಾಶವಾಣಿ 1940ರಿಂದ 1971ರವರೆಗೆ ಪೇಟಿಯನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ನಮ್ಮ ಭಜನಾ ಮಂಡಳಿಗಳು, ಕಂಪನಿ ನಾಟಕಗಳು, ಗದುಗಿನ ಪುಣ್ಯಾಶ್ರಮದಲ್ಲಿ ಕಲಿತು ಊರೂರಿಗೆ ಹಬ್ಬಿದ ಗವಾಯಿಗಳು ಅದನ್ನು ಬಿಟ್ಟುಕೊಡಲಿಲ್ಲ. ಪಿಟೀಲು ಕೂಡ ಹೊರಗಿನಿಂದಲೇ ಬಂದದ್ದು. ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿ ನಮ್ಮದೇ ಮಾಡಿಕೊಂಡರು. ಹಾಗಾಗಿ ಪಿಯಾನೊ ಕ್ವಿಂಟೆಟ್ ನಮ್ಮ ಕಿವಿಗೆ ಪೂರಾ ಪರಕೀಯ ಎಂದು ನಾನು ಒಪ್ಪುವುದಿಲ್ಲ. ನಮ್ಮ ಪೇಟಿಯ ಸ್ವರಪಟ್ಟಿಯೂ ನಮ್ಮ ಪಿಟೀಲಿನ ತಂತಿಯೂ ಅಲ್ಲಿವೆ. ಬೇರೆಯಾಗಿರುವುದು ಅವುಗಳ ನಡವಳಿಕೆ.

ಕುಕನೂರು ಕಡೆಯ ಹಿರಿಯ ಪೇಟಿ ಮಾಸ್ತರರೊಬ್ಬರಿಗೆ ನಾನು ಈ ಮುದ್ರಣ ಕೇಳಿಸಿದೆ. ಕಂಪನಿ ನಾಟಕಕ್ಕೆ ರಾತ್ರಿಯಿಡೀ ನುಡಿಸಿದವರು. ಫೋನಿಗೆ ಸಣ್ಣ ಸ್ಪೀಕರು ಜೋಡಿಸಿದ್ದೆ. ಅವರು ಪೇಟಿಯ ತಿದಿ ಬಿಚ್ಚಿ, ಒಂದು ಬೆರಳಿನಿಂದ ಮೆಲ್ಲಗೆ ಸ್ವರ ಹುಡುಕುತ್ತ ಕುಳಿತರು.

“ಬಿಳಿ ಒಂದರಾಗ ಐತಿ,” ಅಂದರು. ಪೇಟಿಯವರ ‘ಬಿಳಿ ಒಂದು’ ಅಂದರೆ ಪಾಶ್ಚಾತ್ಯರ ಸಿ. ಮೊದಲ ಸ್ವರಗಳಲ್ಲೇ ಹಿಡಿದಿದ್ದರು. ಬೆರಳು ಅಲ್ಲೇ ಒತ್ತಿ ಇಟ್ಟುಕೊಂಡರು, ಶ್ರುತಿಗೆ ಬಿಟ್ಟಂತೆ. ಸ್ವಲ್ಪ ಹೊತ್ತಿಗೆ ಹುಬ್ಬು ಗಂಟಾಯಿತು.

“ತಮ್ಮಾ, ಇವರ ಸಾ ಎಲ್ಲಿ ಹೋತು? ನಾ ಹಿಡಿದದ್ದು ಈಗ ಕೂಡವಲ್ದು.”

“ಅದು ಜಾಗ ಬದಲಿ ಮಾಡ್ತದ್ರಿ ಮಾಸ್ತರ.”

“ಹಾಡಿನ ನಡುವ? ಮತ್ತ ಕೇಳಾವ ಎಲ್ಲಿ ನಿಂದರಬೇಕು?”

ಪಾಶ್ಚಾತ್ಯ ಸಂಗೀತದ ಬಗ್ಗೆ ಇದಕ್ಕಿಂತ ಮೂಲದ ಪ್ರಶ್ನೆ ಇನ್ನೊಂದಿಲ್ಲ. ನಮ್ಮಲ್ಲಿ ತಂಬೂರಿ ಷಡ್ಜ ಹಿಡಿದು ಕೂತರೆ ಕಛೇರಿ ಮುಗಿಯುವ ತನಕ ಅದು ಕದಲುವುದಿಲ್ಲ. ರಾಗದ ಸೊಗಸೆಲ್ಲ ಆ ಕದಲದ ಸ್ವರದಿಂದ ಎಷ್ಟು ದೂರ ಹೋದೆವು, ಹೇಗೆ ತಿರುಗಿ ಬಂದೆವು ಎಂಬುದರಲ್ಲಿದೆ. ಅವರಲ್ಲಿ ಆಧಾರ ಸ್ವರವೇ ಪ್ರಯಾಣ ಹೊರಡುತ್ತದೆ. ಸಿ ಇಂದ ಹೊರಟು ಬೇರೆ ನೆಲೆಗಳಲ್ಲಿ ತಂಗಿ, ಅಲ್ಲಲ್ಲೇ ಇದೇ ನಿಜವಾದ ಸಾ ಎಂದು ನಂಬಿಸಿ, ಆಮೇಲೆ ಅಲ್ಲಿಂದಲೂ ಏಳುತ್ತದೆ. ಇಪ್ಪತ್ತೈದು ನಿಮಿಷದ ಈ ಕೃತಿಯ ಕತೆ ಎಂದರೆ ಹೊರಟ ಸ್ವರಕ್ಕೆ ತಿರುಗಿ ಸೇರುವ ಕತೆಯೇ. ಕೊನೆಯಲ್ಲಿ ಸಿ ಮೇಜರ್ ಮತ್ತೆ ಗಟ್ಟಿಯಾಗಿ ನಿಂತಾಗ ಮಾಸ್ತರರ ಬೆರಳು ತಾನಾಗಿಯೇ ಬಿಳಿ ಒಂದರ ಮೇಲೆ ಬಂದಿತ್ತು. “ಬಂತು ನೋಡು,” ಅಂದರು, ತಿದಿ ಜೋರಾಗಿ ಒತ್ತುತ್ತ.

ಎರಡನೆಯ ಕಷ್ಟ ಒಂದೇ ಹೊತ್ತಿಗೆ ಹಲವು ರಾಗಸಾಲು ನಡೆಯುವುದು. ನಮ್ಮಲ್ಲಿ ಪೇಟಿ, ಸಾರಂಗಿ, ಪಿಟೀಲು ಏನೇ ಇದ್ದರೂ ಗಾಯಕನ ಬೆನ್ನು ಹಿಡಿದು ಹೋಗುತ್ತವೆ. ಇಲ್ಲಿ ಚೆಲ್ಲೊ ಒಂದು ಮಾತು ಹೇಳುತ್ತಿರುವಾಗಲೇ ಪಿಟೀಲು ಇನ್ನೊಂದು ಹೇಳುತ್ತದೆ, ಪಿಯಾನೊದ ಎಡಗೈ ಮೂರನೆಯದನ್ನು ಹೇಳುತ್ತದೆ. ಎಲ್ಲವನ್ನೂ ಒಮ್ಮೆಲೇ ಹಿಡಿಯಲು ಹೋಗಬಾರದು. ಮೊದಲ ಸಲ ಚೆಲ್ಲೊ ಒಂದನ್ನೇ ಹಿಂಬಾಲಿಸಿ; ಗಂಡು ದನಿಯ ಎತ್ತರದಲ್ಲಿ ಹಾಡುವುದರಿಂದ ನಮಗೆ ಬೇಗ ಹತ್ತಿರವಾಗುತ್ತದೆ. ಇನ್ನೊಮ್ಮೆ ಮೇಲಿನ ಪಿಟೀಲನ್ನು. ಮೂರನೆಯ ಸಲಕ್ಕೆ ಅವೆರಡರ ನಡುವಿನ ಜಗ್ಗಾಟ ತಾನೇ ಕೇಳಿಸುತ್ತದೆ.

ಪಿಯಾನೊದ ಸ್ವಭಾವವನ್ನೂ ಇಲ್ಲಿ ಗಮನಿಸಬೇಕು. ಪೇಟಿಯ ಸ್ವರ ಗಾಳಿ ಇರುವ ತನಕ ನಿಲ್ಲುತ್ತದೆ. ಪಿಯಾನೊದಲ್ಲಿ ಸ್ವರದ ಮನೆ ಒತ್ತಿದರೆ ಉಣ್ಣೆ ಸುತ್ತಿದ ಸುತ್ತಿಗೆ ತಂತಿಗೆ ಬಡಿದು ಹಿಂದಕ್ಕೆ ಬರುತ್ತದೆ. ಆ ಕ್ಷಣದಿಂದಲೇ ನಾದ ಕರಗತೊಡಗುತ್ತದೆ. ಮೀಂಡ್ ಎಳೆಯಲು ಬಾರದು. ಕಮಾನು ಇರುವ ವಾದ್ಯಗಳು ಎಳೆಯಬಲ್ಲವು, ಉಬ್ಬಿಸಬಲ್ಲವು, ಜಾರಬಲ್ಲವು. ಕರಗುವ ನಾದ ಒಂದು ಕಡೆ, ಎಳೆಯುವ ನಾದ ನಾಲ್ಕು ಕಡೆ. ಬಡಿಯುವ ವಾದ್ಯ ಜೋರು ಮಾಡಿದರೆ ತಂತಿಗಳು ಮುಳುಗಿಹೋಗುತ್ತವೆ. ಅನೇಕ ಪಿಯಾನೊ ಕ್ವಿಂಟೆಟ್‌ಗಳಲ್ಲಿ ಈ ತೊಂದರೆ ಎದ್ದು ಕಾಣುತ್ತದೆ. ಮೆಟ್ನರ್ ಜೀವಮಾನವಿಡೀ ಪಿಯಾನೊ ಬಿಡದೆ ಬರೆದವರಾದರೂ ಈ ಮುದ್ರಣದಲ್ಲಿ ಅವರ ಬೆರಳು ತಗ್ಗಿ ನಡೆಯುವುದನ್ನು ಕೇಳಬೇಕು. ತಂತಿಗಳು ಹಾಡುವಾಗ ಅವರು ಕೆಳಗಿನಿಂದ ನೆಲ ಹಾಸಿಕೊಡುತ್ತಾರೆ. ಬರೆದವರೇ ನುಡಿಸಿದ್ದರ ಬೆಲೆ ತಿಳಿಯುವುದು ಇಂಥ ಕಡೆ. ಎಲ್ಲಿ ಹಿಂದೆ ಸರಿಯಬೇಕು ಅನ್ನುವುದು ಸ್ವರಲಿಪಿಯಲ್ಲಿ ಅರ್ಧ ಮಾತ್ರ ಬರೆದಿರುತ್ತದೆ.

ಕೃತಿಗೆ ಮೂರು ಭಾಗ. ಮೊದಲನೆಯದು ತೀರ ಶಾಂತವಾಗಿ ತೆರೆದುಕೊಳ್ಳುತ್ತದೆ. ಅದರೊಳಗೆ ಮಧ್ಯಯುಗದ ಚರ್ಚುಗಳ ಹಳೆಯ ಪಠಣವೊಂದರ ಧಾಟಿ ಬರುತ್ತದೆ, ಲೋಕದ ಕೊನೆಯ ತೀರ್ಪಿನ ದಿನವನ್ನು ನೆನೆಸುವ ‘ದಿಯೆಸ್ ಈರೆ’. ಲಿಸ್ಟ್, ರಖ್ಮಾನಿನಫ್ ಇಬ್ಬರೂ ಇದನ್ನು ಮತ್ತೆ ಮತ್ತೆ ಬಳಸಿದವರು. ಆ ಭಯದ ಎದುರಿಗೆ ಮೆಟ್ನರ್ ಇನ್ನೊಂದು ಸ್ತೋತ್ರದಂಥ ಸಾಲನ್ನು ಇಡುತ್ತಾರೆ. ಅದರ ಹಿಂದೆ ಇರುವುದು ಹಸಿದವರಿಗೆ ತೃಪ್ತಿಯಾಗುತ್ತದೆ ಎಂದು ಬೈಬಲ್ ಕೊಡುವ ಭರವಸೆ. ಕೊಪ್ಪಳದ ಗವಿಮಠದ ದಾಸೋಹ ಕಂಡ ನಮಗೆ ಆ ಭಾವ ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯ ಭಾಗ ಪಶ್ಚಾತ್ತಾಪದ ಪ್ರಾರ್ಥನೆ, ನಿಧಾನ ಲಯ. ಮೂರನೆಯದು ವೇಗದ್ದು, ಹಿಂದೆ ಬಂದ ಸಾಲುಗಳೆಲ್ಲ ಅಲ್ಲಿ ಮತ್ತೆ ಕೂಡುತ್ತವೆ, ಆದರೆ ಈಗ ಹೆದರಿಕೆ ಇಳಿದಿದೆ. ಇಪ್ಪತ್ತೈದರ ಹುಡುಗ ಆರಂಭಿಸಿದ್ದನ್ನು ಎಪ್ಪತ್ತರ ಹತ್ತಿರದ ಮುದುಕ ಮುಗಿಸಿದ್ದಾನೆ ಎಂಬುದು ಗೊತ್ತಿದ್ದರೆ ಈ ಮೂರನೆಯ ಭಾಗ ಬೇರೆಯೇ ರೀತಿ ಕೇಳಿಸುತ್ತದೆ.

ಹನ್ನೆರಡು ಅಂಗುಲದ 78 ವೇಗದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ನಾಲ್ಕೂವರೆ ನಿಮಿಷದಷ್ಟೇ. ಇಪ್ಪತ್ತೈದು ನಿಮಿಷದ ಸಂಗೀತ ಅಂದರೆ ಆರೇಳು ಮಗ್ಗುಲು. ಪ್ರತಿ ಸಲ ಎದ್ದು ತಟ್ಟೆ ತಿರುವಬೇಕು, ಹೊಸ ಮುಳ್ಳು ಹಾಕಬೇಕು. ಆ ತಟ್ಟೆಗೆ ಬೇಕಾದ ಅರಗು ಬಹುಪಾಲು ಹೋಗುತ್ತಿದ್ದುದು ಭಾರತದ ಕಾಡುಗಳಿಂದಲೇ. ಮೆಟ್ನರ್ ಸೊಸೈಟಿಯ ದುರದೃಷ್ಟ ಎಂದರೆ ಅದು ಬಂದದ್ದು 78ರ ತಟ್ಟೆಯ ಯುಗ ಮುಗಿಯುವ ಗಳಿಗೆಯಲ್ಲಿ. 1948ಕ್ಕೇ ಅಮೆರಿಕದಲ್ಲಿ ಹೆಚ್ಚು ಹೊತ್ತು ಓಡುವ ಎಲ್.ಪಿ. ತಟ್ಟೆ ಬಂದಿತ್ತು. ಎಚ್.ಎಂ.ವಿ. ಬ್ರಿಟನ್ನಿನಲ್ಲಿ ಎಲ್.ಪಿ. ತಂದದ್ದು 1952ರಲ್ಲಿ. ಅಷ್ಟರಲ್ಲಿ ಮೆಟ್ನರ್ ಇರಲಿಲ್ಲ, ಸಂಸ್ಥಾನ ಭಾರತದಲ್ಲಿ ವಿಲೀನವಾಗಿ ರಾಜರ ಕೈಯೂ ಮೊದಲಿನಂತಿರಲಿಲ್ಲ. ಹಳೆಯ ತಟ್ಟೆಗಳು ಮಾರುಕಟ್ಟೆಯಿಂದ ಸರಿದುಹೋದವು. ಅವು ಮತ್ತೆ ಸುಲಭವಾಗಿ ಕೈಗೆ ಸಿಕ್ಕದ್ದು ತೊಂಬತ್ತರ ದಶಕದಲ್ಲಿ, ಸಿ.ಡಿ. ರೂಪದಲ್ಲಿ. ಈಗ ಗಂಗಾವತಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಫೋನಿನಲ್ಲೇ ಕೇಳಬಹುದು.

ಒಡೆಯರು ಕರ್ನಾಟಕ ಸಂಗೀತದಲ್ಲೂ ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. 1956ರ ನವೆಂಬರ್ 1ರಂದು ನಮ್ಮ ನಾಲ್ಕೂ ತಾಲ್ಲೂಕುಗಳು ರಾಯಚೂರು ಜಿಲ್ಲೆಯ ಸಂಗಡ ಹೊಸ ಮೈಸೂರು ರಾಜ್ಯ ಸೇರಿದವು. ಹಿಂದಿನ ದಿನದವರೆಗೆ ನಮ್ಮ ರಾಜಪ್ರಮುಖರು ನಿಜಾಮರು. ಅಂದಿನಿಂದ ರಾಜ್ಯಪಾಲರು ಜಯಚಾಮರಾಜ ಒಡೆಯರು. ಮೆಟ್ನರ್ ಅವರನ್ನು ಮೈಕಿನ ಮುಂದೆ ಕೂರಿಸಿದ ಮನುಷ್ಯ ಹೀಗೆ ನಮ್ಮವರೂ ಆದರು.

ಇದನ್ನು ಬರೆಯುತ್ತಿರುವಾಗ ನಮ್ಮ ಕೊಪ್ಪಳದ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ನೆನಪು ಬರುತ್ತಲೇ ಇದೆ. ತೊಗಲುಗೊಂಬೆ ಆಡಿಸಿ ರಾಮಾಯಣ, ಮಹಾಭಾರತ ಹಾಡುತ್ತ ಬಂದ ಆ ತಾಯಿಗೆ 2025ರಲ್ಲಿ ಪದ್ಮಶ್ರೀ ಬಂತು, ತೊಂಬತ್ತಾರರ ವಯಸ್ಸಿನಲ್ಲಿ. ಪ್ರಶಸ್ತಿ ಸಂತೋಷದ್ದೇ. ನನಗೆ ಬೇಕೆನಿಸುವುದು ನಮ್ಮ ಇಂಥ ಹಿರಿಯರಲ್ಲಿ ಪ್ರತಿಯೊಬ್ಬರ ಪೂರ್ತಿ ಆಟ, ಒಂದೂ ಪದ ಬಿಡದೆ, ಒಳ್ಳೆಯ ಮೈಕಿನ ಮುಂದೆ, ಮೇಳದವರ ಸಮೇತ ಮುದ್ರಣವಾಗುವುದು. ಸಭೆ ಸಮಾರಂಭದ ಹತ್ತು ನಿಮಿಷದ ವಿಡಿಯೊ ಅಲ್ಲ. ಹೃದಯ ದುರ್ಬಲವಾಗಿದ್ದ ಮೆಟ್ನರ್‌ಗೆ ಮೈಸೂರಿನ ಕರೆ ಮುಟ್ಟಿದ ಮೇಲೆ ಸಿಕ್ಕದ್ದು ನಾಲ್ಕೈದು ವರ್ಷ ಮಾತ್ರ. ಅಷ್ಟರಲ್ಲಿ ಮೂರು ಕಾನ್ಸರ್ಟೊಗಳೂ ಕ್ವಿಂಟೆಟ್ಟೂ ಉಳಿದವು. ಮೂರನೆಯ ವಯಲಿನ್ ಸೊನಾಟ, ಅಣ್ಣ ಎಮಿಲ್ ನೆನಪಿಗೆ ಬರೆದ ಆ ದೊಡ್ಡ ಕೃತಿ, ಅವರ ಕೈಯಲ್ಲಿ ಮುದ್ರಣವಾಗಲೇ ಇಲ್ಲ. ಅದನ್ನು ಕೇಳಬೇಕೆಂದರೆ 1959ರಲ್ಲಿ ಡೇವಿಡ್ ಒಯಿಸ್ತ್ರಾಖ್ ಪಿಟೀಲಿಗೆ ಮುಪ್ಪಿನ ಗೋಲ್ಡನ್‌ವೈಸರ್ ಪಿಯಾನೊ ನುಡಿಸಿದ ಮುದ್ರಣ ಇದೆ; ಕ್ವಿಂಟೆಟ್ ಕಿವಿಗೆ ಹಿಡಿಸಿದವರು ಮುಂದೆ ಕೇಳಬೇಕಾದದ್ದು ಅದೇ.